ವಾಕ್ಯಭೇದವೂ ಮತಪತ್ರವೂ

ಪಾಠಶಾಲೆಯಲ್ಲಿ ಮೀಮಾಂಸೆಯನ್ನು ಓದಿದವರಿಗೆ ವಾಕ್ಯಭೇದವೆಂಬ ದೋಷವು ಪರಿಚಿತವಾದುದೇ. ವಿಧಿವಾಕ್ಯವು ಒಂದೇ ಅರ್ಥವನ್ನು ವಿಧಿಸಬೇಕು. ಒಂದೇ ಉಸಿರಿನಲ್ಲಿ ಎರಡನ್ನು ವಿಧಿಸಹೊರಟರೆ ವಾಕ್ಯವು ಒಡೆಯುವುದು, ಕೇಳಿದವನಿಗೆ ಕರ್ತವ್ಯವು ತಿಳಿಯದೆ ಹೋಗುವುದು. ಅರ್ಥದ ಏಕತ್ವದಿಂದಲೇ ವಾಕ್ಯದ ಏಕತ್ವವೆಂದು ಜೈಮಿನಿಗಳು ನಿರ್ಣಯಿಸಿದರು. ಯಜ್ಞಯಾಗಾದಿಗಳ ಸಂಬಂಧವಾಗಿ ಹುಟ್ಟಿದ ಈ ವಿಚಾರವು ನನಗೆ ಮತ್ತೆ ನೆನಪಾದದ್ದು ಅಮೆರಿಕಾ ದೇಶದ ಒಂದು ಸಂಸ್ಥಾನದ ಮತಗಣನೆಯ ವೃತ್ತಾಂತವನ್ನು ಓದಿದಾಗ. ಎಲ್ಲಿಯ ಜೈಮಿನಿ, ಎಲ್ಲಿಯ ಅಲಬಾಮ ಎಂದು ವಾಚಕರು ನಗಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ಪ್ರಾರ್ಥನೆ.

ಆ ದೇಶದಲ್ಲಿ ಒಕ್ಕೂಟಕ್ಕೆ ಒಂದು ರಾಜ್ಯಾಂಗವಿರುವಂತೆ ಒಂದೊಂದು ಸಂಸ್ಥಾನಕ್ಕೂ ತನ್ನದೇ ಆದ ರಾಜ್ಯಾಂಗವುಂಟು. ಡೆಲವೇರ್ ಒಂದನ್ನು ಬಿಟ್ಟು ಮಿಕ್ಕೆಲ್ಲ ಸಂಸ್ಥಾನಗಳಲ್ಲಿಯೂ ಶಾಸನಸಭೆಯು ಸೂಚಿಸಿದ ತಿದ್ದುಪಡಿಯು ಪ್ರಜೆಗಳ ಮತಕ್ಕೆ ಬಂದೇ ತೀರಬೇಕು. ನಮ್ಮಲ್ಲಿ ಹಾಗಿಲ್ಲ. ನಮ್ಮ ಸಂವಿಧಾನವನ್ನು 368ನೆಯ ಅನುಚ್ಛೇದದಂತೆ ಸಂಸತ್ತು ತಿದ್ದುತ್ತದೆ, ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳು ಒಪ್ಪಬೇಕು. ಮತದಾರನನ್ನು ಯಾರೂ ನೇರವಾಗಿ ಕೇಳುವುದಿಲ್ಲ. ಅಲ್ಲಿಯಾದರೋ ನ್ಯಾಯವಾದಿಯೂ ಹೊಲ ಉಳುವವನೂ ಒಂದೇ ಬಗೆಯ ಕಾಗದದ ಮೇಲೆ ‘ಹೌದು’ ಅಥವಾ ‘ಅಲ್ಲ’ ಎಂದು ಗುರುತು ಮಾಡುತ್ತಾರೆ. ಕಾರಣವನ್ನು ಬರೆಯಲು ಸ್ಥಳವಿಲ್ಲ.

ಅಲಬಾಮದ ರಾಜ್ಯಾಂಗವು 1901ರಲ್ಲಿ ಆದುದು. ಬಿಳಿಯರ ಮೇಲ್ಮೆಯನ್ನು ಕಾನೂನಿನೊಳಗಿನಿಂದಲೇ ಸ್ಥಾಪಿಸುವುದೇ ಉದ್ದೇಶವೆಂದು ಅದನ್ನು ರಚಿಸಿದ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಎಂಬವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಬಿಳಿಯ ಮಕ್ಕಳಿಗೂ ಕರಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರತಕ್ಕದ್ದೆಂದು ಅದರ 256ನೆಯ ಪ್ರಕರಣವು ವಿಧಿಸಿತು. ಇಂಥ ಶಾಲೆಗಳು ಸಲ್ಲವೆಂದು ಅಮೆರಿಕಾದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಿತು. ಅದಕ್ಕೆ ಮಾರುತ್ತರವೋ ಎಂಬಂತೆ 1956ರಲ್ಲಿ, ಸರಕಾರದ ವೆಚ್ಚದಲ್ಲಿ ವಿದ್ಯೆಯನ್ನು ಪಡೆಯುವ ಹಕ್ಕು ಯಾರಿಗೂ ಇಲ್ಲವೆಂಬ ಮಾತನ್ನು ಅಲ್ಲಿ ಸೇರಿಸಿದರು. ಶಾಲೆಗಳನ್ನು ಮುಚ್ಚಿದರೂ ಮುಚ್ಚಬಹುದು, ಒಟ್ಟಿಗೆ ಕೂಡಿಸಬಾರದು ಎಂಬುದು ಇದರ ತಾತ್ಪರ್ಯ. ನಲವತ್ತು ವರ್ಷ ಹಲಗೆಯ ಮುಂದೆ ನಿಂತವನಿಗೆ ಇದನ್ನು ಓದುವುದು ಸುಲಭವಲ್ಲ.

2004ರಲ್ಲಿ ಈ ಮಾತುಗಳನ್ನೆಲ್ಲ ಅಳಿಸುವ ತಿದ್ದುಪಡಿಯು ಮತಕ್ಕೆ ಬಂದಿತು. ಬೇರೆ ಶಾಲೆಗಳ ಮಾತು ಹೋಗಬೇಕು, ಬಡವರು ಮತ ಹಾಕದಂತೆ ತಡೆದ ತಲೆಗಂದಾಯದ ಮಾತು ಹೋಗಬೇಕು, ವಿದ್ಯೆಯ ಹಕ್ಕಿಲ್ಲವೆಂಬ ಮಾತೂ ಹೋಗಬೇಕು. ಇಷ್ಟಕ್ಕೂ ಒಂದೇ ಪ್ರಶ್ನೆ, ಒಂದೇ ಗುರುತು. ವಿರೋಧಿಗಳು, ‘ವರ್ಣದ್ವೇಷ ನಮಗಿಲ್ಲ, ಆದರೆ ಆ ಕಡೆಯ ಮಾತು ಹೋದರೆ ನ್ಯಾಯಾಧೀಶರು ಶಾಲೆಗಳಿಗೆಂದು ತೆರಿಗೆಯನ್ನು ಏರಿಸಿಯಾರು’ ಎಂದರು. ಹದಿನಾಲ್ಕು ಲಕ್ಷದಷ್ಟು ಮತಗಳಲ್ಲಿ ಎರಡು ಸಾವಿರಕ್ಕೂ ಕಡಿಮೆಯ ಅಂತರದಿಂದ ತಿದ್ದುಪಡಿಯು ಬಿದ್ದುಹೋಯಿತು. 2012ರಲ್ಲಿ ಇನ್ನೊಂದು ಪ್ರಯತ್ನವಾಯಿತು. ಈ ಬಾರಿ ವರ್ಣಭೇದದ ಮಾತುಗಳನ್ನು ಅಳಿಸಿ, ವಿದ್ಯೆಯ ಹಕ್ಕಿಲ್ಲವೆಂಬುದನ್ನು ಉಳಿಸುವ ಏರ್ಪಾಡು. ಆಗ ಉಪಾಧ್ಯಾಯರ ಸಂಘವೂ ಕರಿಯರ ಮುಖಂಡರೂ ‘ಅಲ್ಲ’ ಎನ್ನಿರೆಂದು ಹೇಳಿದರು. ಹತ್ತರಲ್ಲಿ ಆರು ಪಾಲು ಜನ ಅಲ್ಲವೆಂದರು. ಹೀಗೆ ಎಂಟು ವರ್ಷಗಳ ಅಂತರದಲ್ಲಿ, ಒಬ್ಬರ ಮುಖವನ್ನು ಇನ್ನೊಬ್ಬರು ನೋಡದಂಥ ಎರಡು ಪಕ್ಷಗಳು ಸರದಿಯ ಮೇಲೆ ಆ ಹೇಯವಾದ ಪಂಕ್ತಿಗಳನ್ನು ಕಾಪಾಡಿದವು!

ಪ್ರಶ್ನೆಯು ಒಂದೇ ಆಗಿದ್ದ ಸಂದರ್ಭವೂ ಒಂದುಂಟು. ಬಿಳಿಯರಿಗೂ ಕರಿಯರಿಗೂ ವಿವಾಹವನ್ನು ನಿಷೇಧಿಸಿದ್ದ ಮಾತು 1967ರ ತೀರ್ಪಿನಿಂದ ನಿರ್ಜೀವವಾಗಿದ್ದರೂ ಗ್ರಂಥದಲ್ಲಿ ಉಳಿದಿತ್ತು. 2000ದಲ್ಲಿ ಅದನ್ನು ತೆಗೆಯಬೇಕೇ ಎಂದು ಕೇಳಿದರು. ತೆರಿಗೆಯಿಲ್ಲ, ನ್ಯಾಯಾಧೀಶರ ಭಯವಿಲ್ಲ. ತಿದ್ದುಪಡಿ ಗೆದ್ದಿತು, ನಿಜ. ಆದರೂ ಹತ್ತರಲ್ಲಿ ನಾಲ್ಕು ಪಾಲು ಜನ ಅದು ಇರಲೆಂದರು. ಇಲ್ಲಿ ಅಭಿಪ್ರಾಯವನ್ನು ಓದಲು ಮೀಮಾಂಸೆ ಬೇಕಾಗಿಲ್ಲ.

ಪ್ರಕೃತ ಜಿಜ್ಞಾಸೆಯು 2004ರ ಮತದಾರನನ್ನು ಕುರಿತದ್ದು. ದ್ವೇಷವಿಲ್ಲದೆ, ತೆರಿಗೆಗೆ ಮಾತ್ರ ಹೆದರಿ ‘ಅಲ್ಲ’ ಎಂದವನಿಗೆ ಆ ಪಂಕ್ತಿಯು ಉಳಿದುದರ ದೋಷವು ತಟ್ಟುವುದೋ ಇಲ್ಲವೋ? ಸಂಕಲ್ಪವೇ ಕರ್ಮದ ಜೀವವೆಂಬವರು ಇಲ್ಲವೆಂದಾರು. ಪ್ರಶ್ನೆಯನ್ನು ಹೊಸೆದವರ ದೋಷವನ್ನು ಉತ್ತರವಿತ್ತವನ ತಲೆಗೆ ಕಟ್ಟುವುದು ನ್ಯಾಯವೇ ಎಂದೂ ಕೇಳಿಯಾರು. ಈ ವಾದದಲ್ಲಿ ಸತ್ತ್ವವಿಲ್ಲದೆ ಇಲ್ಲ. ಆದರೆ ಪಕ್ಕದವನ ಬಣವೆಗೆ ತಗುಲೀತೆಂದು ಬಲ್ಲವನು ತನ್ನ ಗದ್ದೆಯ ಕೂಳೆಗೆ ಬೆಂಕಿಯಿಟ್ಟು, ‘ನನ್ನ ಸಂಕಲ್ಪವು ಕೂಳೆಯಷ್ಟೇ’ ಎಂದರೆ ಊರು ಒಪ್ಪುವುದೇ? 2012ರಲ್ಲಿ ‘ಅಲ್ಲ’ ಎಂದ ಕರಿಯರೂ ಆ ಪಂಕ್ತಿಯನ್ನು ಉಳಿಸಿದರು. ಆದರೆ ಆ ಅವಮಾನವು ಅವರದೇ. ಮಕ್ಕಳ ವಿದ್ಯೆಗಾಗಿ ಅದನ್ನು ಇನ್ನಷ್ಟು ಕಾಲ ತಾವೇ ಸಹಿಸಲು ಅವರು ಒಪ್ಪಿದರು. ತೆರಿಗೆಗೆ ಹೆದರಿದವನು ತನ್ನ ಹಣವನ್ನು ಉಳಿಸಿಕೊಂಡು, ಅದರ ಬೆಲೆಯನ್ನು ನೆರೆಯವನ ಮಾನದಿಂದ ತೆತ್ತನು. ಗಣನೆಯಲ್ಲಿ ಎರಡೂ ‘ಅಲ್ಲ’ಗಳೇ, ಬೆಲೆ ತೆತ್ತವರು ಮಾತ್ರ ಬೇರೆ.

ಮುಂದೆ 2020ರಲ್ಲಿ, ಮುಖ್ಯವಾಗಿ ವರ್ಣಭೇದದ ಮಾತುಗಳನ್ನು ತೆಗೆದು ಗ್ರಂಥವನ್ನು ಕ್ರಮಪಡಿಸಲು ಅನುಮತಿಯನ್ನು ಕೇಳಿದಾಗ ಮೂರರಲ್ಲಿ ಎರಡು ಪಾಲಿನಷ್ಟು ಜನ ಒಪ್ಪಿದರು. 2022ರಲ್ಲಿ ಕ್ರಮಪಡಿಸಿದ ಗ್ರಂಥವೂ ಅಂಗೀಕೃತವಾಯಿತು.

ಇಷ್ಟನ್ನೂ ದೂರದವರ ಲೆಕ್ಕವೆಂಬಂತೆ ಬರೆದೆನು. ಆದರೆ ನಾನು ಸದಸ್ಯನಾಗಿದ್ದ ಒಂದು ವಾಚನಾಲಯದ ಹಳೆಯ ನಿಬಂಧನೆಗಳಲ್ಲಿ, ಒಂದು ಕೇರಿಯವರಿಗೆ ಪುಸ್ತಕವನ್ನು ಕಿಟಕಿಯಿಂದಲೇ ಕೊಡತಕ್ಕದ್ದೆಂಬ ಒಂದು ಸಾಲು ಉಳಿದುಕೊಂಡಿತ್ತು. ಆಚರಣೆಯಲ್ಲಿ ಅದು ಎಂದೋ ಸತ್ತಿತ್ತು. ಆ ಸಾಲನ್ನು ತೆಗೆಯುವುದನ್ನೂ ಚಂದಾವನ್ನು ಇಮ್ಮಡಿಸುವುದನ್ನೂ ಒಂದೇ ಠರಾವಿನಲ್ಲಿ ಸಭೆಯ ಮುಂದಿಟ್ಟರು. ನಿವೃತ್ತಿವೇತನದವನಾದ ನಾನು ಚಂದಾವನ್ನು ಮಾತ್ರ ನೋಡಿ ವಿರೋಧವಾಗಿ ಕೈಯೆತ್ತಿದೆನು. ಠರಾವು ಬಿದ್ದಿತು.

ಮರುದಿನ ಆ ಕೇರಿಯವನೇ ಆದ ನನ್ನ ಹಳೆಯ ಶಿಷ್ಯನೊಬ್ಬನು ದಾರಿಯಲ್ಲಿ ಸಿಕ್ಕಿದನು.

“ಆ ಸಾಲು ಇರಲಿ ಅಂತ ತಾವೂ ಕೈಯೆತ್ತಿದಿರಂತೆ, ಹೌದೇ ಮೇಷ್ಟ್ರೇ?”

“ಚಂದಾದ ದೆಸೆಯಿಂದ ಎತ್ತಿದೆನಪ್ಪಾ, ಅದಕ್ಕಲ್ಲ” ಎಂದೆನು.

“ಚಂದಾ ಎಷ್ಟು ಹೆಚ್ಚುತ್ತಿತ್ತು ಸಾರ್?”

ಹೇಳಿದೆನು. ಆತನು ಮತ್ತೇನೂ ಕೇಳದೆ ಕೈಮುಗಿದು ಹೋದನು.

ಮರುವರ್ಷ ಎರಡನ್ನೂ ಬೇರೆ ಬೇರೆ ಠರಾವುಗಳಾಗಿ ಮಾಡಿ ತಂದರು. ಎರಡಕ್ಕೂ ಪರವಾಗಿ ಕೈಯೆತ್ತಿದೆನು, ಎರಡೂ ಅಂಗೀಕೃತವಾದವು. ಅಷ್ಟರಲ್ಲಿ ಆತನಿಗೆ ಬೇರೆ ಊರಿಗೆ ವರ್ಗವಾಗಿತ್ತು.