ಸೇವೆಗೆ ಮೊದಲು ಸಮಾಲೋಚನೆ



ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ) ಸತ್ಯವಿಶ್ವಾಸದ ಶಾಖೆಗಳಲ್ಲಿ ಒಂದೆಂದು ಎಣಿಸಿದ್ದಾರೆ. ದಾರಿಗೆ ಅಡ್ಡವಾಗಿದ್ದ ಮುಳ್ಳಿನ ಕೊಂಬೆಯನ್ನು ತೆಗೆದುಹಾಕಿದ ಒಬ್ಬ ಮನುಷ್ಯನ ಪಾಪಗಳನ್ನು ಅಲ್ಲಾಹನು ಕ್ಷಮಿಸಿದನೆಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಮದ್ರಸದಲ್ಲಿರುವಾಗಲೇ ಈ ಹದೀಸ್‌ಗಳು ನನಗೆ ಬಾಯಿಪಾಠವಾಗಿದ್ದವು. ಆದರೆ ಅವುಗಳ ಅರ್ಥವನ್ನು ನನಗೆ ಕಲಿಸಿದ್ದು ಹಳ್ಳಿಯ ಒಬ್ಬ ಅಜ್ಜಿ. ಅದೂ ನಾನು ತಪ್ಪು ಮಾಡಿದ ಬಳಿಕ.

ರಾಷ್ಟ್ರೀಯ ಸೇವಾ ಯೋಜನೆಯ ಹೆಸರನ್ನು ನೀವು ನಿಮ್ಮ ಮಕ್ಕಳ ಬಾಯಲ್ಲಿ ಕೇಳಿರಬಹುದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಇದನ್ನು 37 ವಿಶ್ವವಿದ್ಯಾಲಯಗಳಲ್ಲಿ ಆರಂಭಿಸಿದರು. ಅವರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಹೋದವರು. ಇದಕ್ಕೆ ಸೇರಿದ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಬೇಕು. ಜೊತೆಗೆ ಹಳ್ಳಿಯೊಂದರಲ್ಲಿ 7 ದಿನಗಳ ಶಿಬಿರವಿರುತ್ತದೆ. 'ನನಗಲ್ಲ, ನಿನಗೆ' ಎಂಬುದು ಅದರ ಧ್ಯೇಯವಾಕ್ಯ. ಸ್ವತಃ ಕಷ್ಟದಲ್ಲಿದ್ದರೂ ವಲಸೆ ಬಂದವರಿಗೆ ಆದ್ಯತೆ ನೀಡಿದ ಮದೀನಾದ ಅನ್ಸಾರರನ್ನು ಪವಿತ್ರ ಕುರ್‌ಆನ್ (59:9) ಪ್ರಶಂಸಿಸಿದ್ದನ್ನು ಓದಿದವರಿಗೆ ಈ ಮಾತು ಹೊಸದೆನಿಸದು.

ಬಿ.ಎ. ಎರಡನೇ ವರ್ಷದಲ್ಲಿ ನಾನೂ ಇಂತಹ ಶಿಬಿರಕ್ಕೆ ಹೋದೆ. ಹಳ್ಳಿಯ ಮುಖ್ಯ ದಾರಿಯಲ್ಲಿ ಕೊಳಚೆ ನೀರು ನಿಲ್ಲುತ್ತಿತ್ತು. ಚರಂಡಿ ತೋಡುವುದೆಂದು ನಾವು ನಾವೇ ತೀರ್ಮಾನಿಸಿದೆವು. ನಾಲ್ಕು ದಿನ ಅಂಗೈ ಬೊಬ್ಬೆಯೇಳುವಂತೆ ಅಗೆದೆವು. ಊರವರು ಜಗಲಿಯ ಮೇಲೆ ಕುಳಿತು ನೋಡಿದರು. ಕೊನೆಯ ದಿನ ಸಭೆ, ಹಾರ, ಭಾಷಣ ಎಲ್ಲವೂ ಆಯಿತು. ದಾರಿಯ ತೊಂದರೆ ನಿವಾರಿಸಿದ ಪುಣ್ಯ ನನ್ನ ಖಾತೆಗೆ ಬಂತೆಂಬ ಸಂತೋಷದಿಂದ ಮನೆಗೆ ಮರಳಿದೆ.

ಮಳೆಗಾಲದಲ್ಲಿ ಅದೇ ದಾರಿಯಾಗಿ ಹೋಗುವ ಸಂದರ್ಭ ಬಂತು. ನಾವು ತೋಡಿದ ಚರಂಡಿಯ ನೀರೆಲ್ಲ ಇಳಿಜಾರಿನಲ್ಲಿದ್ದ ಒಬ್ಬಂಟಿ ಅಜ್ಜಿಯ ಅಂಗಳದಲ್ಲಿ ನಿಂತಿತ್ತು. ಹೊಸ್ತಿಲ ತನಕ ಕೆಸರು. ಅಜ್ಜಿ ನನ್ನ ಗುರುತು ಹಿಡಿದರು, ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟು, "ನೀವು ಒಳ್ಳೆಯ ಮಕ್ಕಳೇ ಮಗಾ. ಒಬ್ಬರಾದರೂ ನನ್ನನ್ನು ಕೇಳಿದ್ದರೆ ನೀರು ಯಾವ ಕಡೆ ಹರಿಯುತ್ತದೆಂದು ಹೇಳುತ್ತಿದ್ದೆ" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ದಾರಿಯ ತೊಂದರೆಯನ್ನು ನಾವು ನಿವಾರಿಸಿರಲಿಲ್ಲ, ಒಬ್ಬ ಬಡ ವೃದ್ಧೆಯ ಬಾಗಿಲಿಗೆ ಸಾಗಿಸಿದ್ದೆವು.

ನಮ್ಮ ಉದ್ದೇಶ ಒಳ್ಳೆಯದೇ ಆಗಿತ್ತು, ದುಡಿಮೆಯಲ್ಲೂ ಕೊರತೆ ಇರಲಿಲ್ಲ. ನಾವು ಕೇಳಲಿಲ್ಲ, ಅಷ್ಟೇ. ಸತ್ಯವಿಶ್ವಾಸಿಗಳ ವ್ಯವಹಾರಗಳು ಪರಸ್ಪರ ಸಮಾಲೋಚನೆಯಿಂದ ನಡೆಯುತ್ತವೆಂದು ಕುರ್‌ಆನ್ (42:38) ಕಲಿಸುತ್ತದೆ. ಹಿಜರಿ 5ರಲ್ಲಿ ಶತ್ರುಸೈನ್ಯ ಮದೀನಾದ ಮೇಲೆ ಏರಿ ಬಂದಾಗ ಕಂದಕ ತೋಡುವ ಸಲಹೆ ನೀಡಿದವರು ದೂರದ ಪರ್ಶಿಯಾದಿಂದ ಬಂದಿದ್ದ ಸಲ್ಮಾನ್(ರ). ಪ್ರವಾದಿ(ಸ) ಆ ಸಲಹೆಯನ್ನು ಸ್ವೀಕರಿಸಿದರು. ಅಷ್ಟಕ್ಕೇ ನಿಲ್ಲದೆ ಸಂಗಾತಿಗಳ ಜೊತೆಗೆ ತಾವೂ ಮಣ್ಣು ಹೊತ್ತರು. ಅವರ ಹೊಟ್ಟೆ ಧೂಳಿನಿಂದ ಮುಚ್ಚಿಹೋಗಿತ್ತೆಂದು ಕಂಡವರು ವರದಿ ಮಾಡಿದ್ದಾರೆ.

ಪ್ರವಾದಿತ್ವಕ್ಕಿಂತ ಮೊದಲಿನ ಇನ್ನೊಂದು ಘಟನೆ ನೋಡಿ. ಕಅಬಾದ ಪುನರ್ನಿರ್ಮಾಣವಾಗುತ್ತಿದ್ದಾಗ ಕಪ್ಪು ಶಿಲೆಯನ್ನು ಇಡುವ ಗೌರವ ಯಾರಿಗೆಂದು ಗೋತ್ರಗಳ ನಡುವೆ ಜಗಳ ಹುಟ್ಟಿತು. ಅವರು(ಸ) ವಸ್ತ್ರವೊಂದನ್ನು ಹಾಸಿ, ಶಿಲೆಯನ್ನು ಅದರ ಮೇಲಿಟ್ಟು, ಎಲ್ಲ ಗೋತ್ರದ ನಾಯಕರೂ ಅಂಚು ಹಿಡಿದು ಎತ್ತುವಂತೆ ಮಾಡಿದರು. ಬಳಿಕ ತಮ್ಮ ಕೈಯಿಂದ ಅದನ್ನು ಸ್ವಸ್ಥಾನದಲ್ಲಿಟ್ಟರು. ಜನಸೇವೆಯೂ ಹೀಗೆಯೇ ಆಗಬೇಕು. ಒಬ್ಬನೇ ಹೊತ್ತು ಕೀರ್ತಿ ಪಡೆಯುವುದಕ್ಕಿಂತ ಎಲ್ಲರ ಕೈಗೂ ವಸ್ತ್ರದ ಒಂದು ಅಂಚು ಕೊಡುವುದು ಮೇಲು.

ಮರುವರ್ಷ ಅದೇ ಹಳ್ಳಿಯಲ್ಲಿ ಶಿಬಿರವಾಯಿತು. ಅದಕ್ಕೆ ಮೊದಲೇ ಎರಡು ಭಾನುವಾರ ನಾವು ಮನೆ ಮನೆಗೆ ಹೋಗಿ ಕೇಳಿದೆವು. ನೀರು ಹಳ್ಳಕ್ಕೆ ಇಳಿಯುವ ಜಾಗವನ್ನು ಅಜ್ಜಿ ಕೋಲೂರಿಕೊಂಡು ಬಂದು ತೋರಿಸಿದರು. ಈ ಸಲ ಜಗಲಿಯಲ್ಲಿ ಕುಳಿತವರು ಕಡಿಮೆ. ಗುದ್ದಲಿ ಹಿಡಿದು ಬಂದವರೇ ಹೆಚ್ಚು.

ಮಾತಾಪಿತರೇ, ಶಿಬಿರಕ್ಕೆ ಹೋದರೆ ಓದು ಕೆಡುತ್ತದೆ, ನಮಾಝ್ ತಪ್ಪುತ್ತದೆ ಎಂದು ನಮ್ಮ ಅನೇಕ ಮನೆಗಳಲ್ಲಿ ಮಕ್ಕಳನ್ನು ತಡೆಯುತ್ತಾರೆ. ಶಾಲೆಯ ಜಗಲಿಯಲ್ಲಿ ನಾನು ಐದು ಹೊತ್ತೂ ನಮಾಝ್ ಮಾಡಿದ್ದೇನೆ. ಫಜ್ರ್‌ಗೆ ವುಝೂವಿನ ನೀರು ಸೇದಿಟ್ಟವನು ನನ್ನ ಹಿಂದೂ ಸಹಪಾಠಿ. ಹೆಣ್ಣುಮಕ್ಕಳನ್ನು ಕಳುಹಿಸುವಾಗ ವಸತಿ ಹೇಗಿದೆ, ಜೊತೆಗೆ ಯಾವ ಅಧ್ಯಾಪಕಿ ಇದ್ದಾರೆ ಎಂದು ವಿಚಾರಿಸಿರಿ. ಅದು ನಿಮ್ಮ ಹೊಣೆ. ಆದರೆ ವಿಚಾರಿಸುವ ಮೊದಲೇ ಬಾಗಿಲು ಮುಚ್ಚಬೇಡಿರಿ. ಒಳಿತಿನ ಕಾರ್ಯದಲ್ಲಿ ಸಹಕರಿಸಬೇಕೆಂಬ ಆದೇಶ (5:2) ಗಂಡುಮಕ್ಕಳಿಗೆ ಮಾತ್ರ ಬಂದದ್ದಲ್ಲ.

ಇನ್ನೊಂದು ಮಾತು. ಕಾಲೇಜಿನ ಮಕ್ಕಳು ನಾಳೆ ನಮ್ಮ ಮೊಹಲ್ಲಾಕ್ಕೇ ಪೊರಕೆ, ಗುದ್ದಲಿ ಹಿಡಿದು ಬಂದರೆ ನಾವೇನು ಮಾಡುತ್ತೇವೆ? ಜಗಲಿಯಲ್ಲಿ ಕುಳಿತು ನೋಡುತ್ತೇವೆಯೇ? ಅವರು ಹೋದ ಮರುದಿನ ಅದೇ ಚರಂಡಿಗೆ ಕಸ ಸುರಿಯುತ್ತೇವೆಯೇ? ಅಥವಾ ವಸ್ತ್ರದ ಒಂದು ಅಂಚು ಹಿಡಿಯುತ್ತೇವೆಯೇ? ಇಂದು ಮನೆಯಿಂದ ಹೊರಬಂದಾಗ ಒಮ್ಮೆ ಬಾಗಿಲ ಮುಂದೆ ನೋಡಿರಿ. ನಮ್ಮ ಮನೆಯ ನೀರು ಯಾರ ಅಂಗಳಕ್ಕೆ ಹರಿಯುತ್ತಿದೆ?

ನಮ್ಮ ಸೇವೆ ಯಾರಿಗೂ ತೊಂದರೆಯಾಗದಂತೆ ಅಲ್ಲಾಹನು ಕಾಪಾಡಲಿ. ಕೇಳಿ ತಿಳಿಯುವ ವಿನಯವನ್ನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.