ಎಂಟನೇ ಮಿಷನ್ ಬೇಡ, ಮೂರನೆಯದನ್ನು ಮುಗಿಸು

ದಯವಿಟ್ಟು ಕುಳಿತುಕೊಳ್ಳಿ. ಸತ್ಯವೇದದಲ್ಲಿ ಎರಡು ಕಡೆ ಬೆರಳಿಟ್ಟುಕೊಳ್ಳಿ: ನೆಹೆಮೀಯ 6ನೇ ಅಧ್ಯಾಯ, ಲೂಕ 14ನೇ ಅಧ್ಯಾಯ. ಮೊಬೈಲ್‌ನಲ್ಲಿ ಓದುವವರು ಓದಿ, ಪರವಾಗಿಲ್ಲ. ಆದರೆ ಸೇಲ್ ನೋಟಿಫಿಕೇಶನ್ ಬಂದರೆ ಮುಟ್ಟಬೇಡಿ. ಇವತ್ತಿನ ಸಂದೇಶವೇ ಅದರ ಬಗ್ಗೆ.

ನನ್ನ ದೊಡ್ಡಪ್ಪನ ಮಗ ಒಬ್ಬ ಅಣ್ಣ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾನೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಬೆಂಗಳೂರಿನಲ್ಲಿ ಒಂದೇ ಬೀದಿಯಲ್ಲಿ ಬೆಳೆದವರು. ಸಂಡೇ ಸ್ಕೂಲ್ ಮುಗಿದ ಮೇಲೆ ಮನೆಗೆ ಹೋಗದೆ ವಿಡಿಯೋ ಗೇಮ್ ಅಂಗಡಿಗೆ ಓಡುತ್ತಿದ್ದೆವು. ಒಂದು ಸಲ ಅಮ್ಮ ಕಾಣಿಕೆಗೆ ಅಂತ ಕೊಟ್ಟ ರೂಪಾಯಿಯೂ ಆ ಮಿಷನ್ ಒಳಗೇ ಹೋಯಿತು. ಅಮ್ಮ ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅಮ್ಮಾ, ಇವತ್ತು ಒಪ್ಪಿಕೊಂಡಿದ್ದೀನಿ, ಕ್ಷಮಿಸಿಬಿಡಿ.

ಆ ಅಣ್ಣನಿಗೆ ಅಲ್ಲಿ ಕೆಲಸ, ಮನೆ, ಗ್ಯಾರೇಜ್ ಎಲ್ಲಾ ಆಯಿತು. ಗ್ಯಾರೇಜ್ ಬಂದ ಮೇಲೆ ಹಳೇ ಆಸೆಯೂ ಬಂತು. ಮೊದಲು ಒಂದು ಪ್ಯಾಕ್‌ಮ್ಯಾನ್ ತಂದ. 1980ರ ಗೇಮ್. ಕೆಟ್ಟುಹೋಗಿತ್ತು, ರಿಪೇರಿ ಮಾಡಿದ, ಓಡಿತು. ಆಮೇಲೆ 1981ರ ಡಾಂಕಿ ಕಾಂಗ್. ಅದನ್ನೂ ಓಡಿಸಿದ. ಮೂರನೆಯದು 1982ರ ಜೌಸ್ಟ್. ಅದನ್ನು ಬಿಚ್ಚಿದ. ಬಿಚ್ಚಿದ್ದು ಬಿಚ್ಚಿದ ಹಾಗೇ ಇರುವಾಗ ನಾಲ್ಕನೆಯದು ಅಗ್ಗಕ್ಕೆ ಸಿಕ್ಕಿತು. ಹಾಗೇ ಐದು, ಆರು, ಏಳು. ಒಂದೊಂದೂ ನೂರು ಕೆಜಿ ಮೇಲೆ ತೂಕ. ಏಳು ಮಿಷನ್, ಓಡುವುದು ಎರಡೇ. ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತೆ.

ಹಳೇ ಮಿಷನ್ ರಿಪೇರಿ ಅಂದರೆ ಧೂಳು ಒರೆಸುವುದಲ್ಲ, ಪ್ರಿಯರೇ. ಪಿಕ್ಚರ್ ಟ್ಯೂಬ್ ಹಿಂದಿರುವ ಬೋರ್ಡ್‌ನಲ್ಲಿ ಸಣ್ಣ ಸಣ್ಣ ಕಂಡೆನ್ಸರ್‌ಗಳು ಇರುತ್ತವೆ. ವರ್ಷಗಳು ಕಳೆದ ಹಾಗೆ ಅವು ಒಳಗೇ ಒಣಗುತ್ತವೆ. ಚಿತ್ರ ಕುಣಿಯುತ್ತೆ, ಮಂಕಾಗುತ್ತೆ. ಒಂದೊಂದನ್ನೇ ತೆಗೆದು ಹೊಸದನ್ನು ಬೆಸುಗೆ ಹಾಕಬೇಕು. ಸ್ವಿಚ್ ಆಫ್ ಮಾಡಿದ ಮೇಲೂ ಆ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಕೂತಿರಬಹುದು, ಅದನ್ನು ಮೊದಲು ಇಳಿಸದೆ ಕೈ ಹಾಕಿದರೆ ಜೀವಕ್ಕೇ ಅಪಾಯ. ಸಮಯ ಬೇಕು, ತಾಳ್ಮೆ ಬೇಕು. ಆದರೆ ಇನ್ನೊಂದು ಮಿಷನ್ ಕೊಳ್ಳುವುದಕ್ಕೆ? ಹತ್ತು ನಿಮಿಷ ಸಾಕು.

ಇನ್ನೊಂದು ವಿಷಯ ಅಣ್ಣ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಆ ಜೌಸ್ಟ್ ಬೋರ್ಡ್ ಮೇಲೆ ಮೂರು ಪೆನ್ಸಿಲ್ ಸೆಲ್ ಇರುತ್ತವಂತೆ. ಕರೆಂಟ್ ಇಲ್ಲದಿದ್ದಾಗಲೂ ಸ್ಕೋರ್ ನೆನಪಿರಲಿ ಅಂತ. ಅವನು "ಆಮೇಲೆ ಮಾಡ್ತೀನಿ" ಅಂತ ಮೂಲೆಗೆ ತಳ್ಳಿದ ಮಿಷನ್‌ನಲ್ಲಿ ಆ ಸೆಲ್‌ಗಳು ಸೋರಿ, ಪಕ್ಕದ ತಾಮ್ರದ ಗೆರೆಗಳನ್ನು ತಿಂದುಹಾಕಿದ್ದವು. ಅವನು ಏನೂ ಹಾಳು ಮಾಡಲಿಲ್ಲ. ಸುಮ್ಮನೆ ಬಿಟ್ಟ, ಅಷ್ಟೇ. ಅರ್ಧಕ್ಕೆ ಬಿಟ್ಟ ಕೆಲಸ ಬಿಟ್ಟಲ್ಲೇ ನಿಂತು ನಮಗಾಗಿ ಕಾಯುತ್ತೆ ಅಂದುಕೊಳ್ಳುತ್ತೇವೆ. ಅದು ಕಾಯುವುದಿಲ್ಲ. ಒಳಗೊಳಗೇ ಕೆಡುತ್ತಿರುತ್ತದೆ. ಯಾರಿಗಾದರೂ ಅರ್ಥವಾಗ್ತಾ ಇದೆಯಾ?

ಒಂದು ರಾತ್ರಿ ಫೋನ್ ಮಾಡಿದ. "ಲೇ ತಮ್ಮಾ, ಸ್ವಲ್ಪ ಪ್ರಾರ್ಥನೆ ಮಾಡೋ. ಒಂದು ಆಸ್ಟರಾಯ್ಡ್ಸ್ ಬಂದಿದೆ, 1979ರದ್ದು, ನಾನ್ನೂರು ಡಾಲರ್ ಅಷ್ಟೇ. ದೇವರ ಚಿತ್ತವಾ ಅಂತ ಕನ್‌ಫರ್ಮೇಶನ್ ಬೇಕು." ನಾನು ಕೇಳಿದೆ, "ಅಣ್ಣಾ, ಅತ್ತಿಗೆ ಏನಂತಾರೆ?" ಆ ಕಡೆ ಸದ್ದೇ ಇಲ್ಲ. ಕನ್‌ಫರ್ಮೇಶನ್ ಅಲ್ಲೇ ಸಿಕ್ಕಿತು! ಆಮೇಲೆ ಮೆಲ್ಲಗೆ ಹೇಳಿದ: "ಮಗನಿಗೆ ಜೌಸ್ಟ್ ಇಬ್ಬರೂ ಸೇರಿ ಆಡೋಣ ಅಂತ ಮಾತು ಕೊಟ್ಟಾಗ ಅವನಿಗೆ ಆರು ವರ್ಷ. ಈಗ ಒಂಬತ್ತು. ಈಗ ಕೇಳೋದನ್ನೇ ಬಿಟ್ಟಿದ್ದಾನೆ."

ನೆಹೆಮೀಯನನ್ನು ನೋಡಿ. 6ನೇ ಅಧ್ಯಾಯದ ಮೊದಲ ವಚನದಲ್ಲಿ ಗೋಡೆ ಎದ್ದಿದೆ, ಬಿರುಕಿಲ್ಲ. ಆದರೆ ಬಾಗಿಲುಗಳಿಗೆ ಕದ ಇನ್ನೂ ಹಚ್ಚಿಲ್ಲ. ಸ್ವಲ್ಪವೇ ಬಾಕಿ. ಸರಿಯಾಗಿ ಆಗಲೇ ಸನ್ಬಲ್ಲಟನಿಂದ ಆಹ್ವಾನ: ಓನೋ ಬಯಲಿಗೆ ಬಾ, ಭೇಟಿಯಾಗೋಣ. ಶತ್ರು ಯಾವಾಗಲೂ ಕಲ್ಲು ಎಸೆಯುವುದಿಲ್ಲ. ಕೆಲವು ಸಲ ಆಹ್ವಾನ ಕಳಿಸುತ್ತಾನೆ. ನೆಹೆಮೀಯ ಹೇಳಿದ್ದರ ಸಾರ ಇಷ್ಟೇ: ನಾನು ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ. ನಾಲ್ಕು ಸಲ ಕರೆದರು, ನಾಲ್ಕು ಸಲವೂ ಅದೇ ಉತ್ತರ. ಅವನು ಪ್ರತಿ ಸಲ ಹೊಸ ಕಾರಣ ಹುಡುಕಲಿಲ್ಲ. ಐವತ್ತೆರಡು ದಿನಕ್ಕೆ ಗೋಡೆ ಮುಗಿಯಿತು. ಹಲ್ಲೆಲೂಯಾ!

ಈಗ ನಿಮ್ಮ ಬೋಧಕನ ಕಥೆ. ಅಣ್ಣನಿಗೆ ಬುದ್ಧಿ ಹೇಳಿ ಫೋನ್ ಇಟ್ಟೆ. ಆ ರಾತ್ರಿ ಪವಿತ್ರಾತ್ಮನು ನನ್ನನ್ನು ಮಲಗಲು ಬಿಡಲಿಲ್ಲ. ನಿನ್ನ ಗ್ಯಾರೇಜಿನಲ್ಲಿ ಏನಿದೆ?

ಎರಡು ವರ್ಷದ ಹಿಂದೆ, ನಿಮಗೆ ನೆನಪಿರಬಹುದು, ಹಿಂದಿನ ರಸ್ತೆಯ ಕಟ್ಟಡ ಕೆಲಸಗಾರರ ಮಕ್ಕಳಿಗೆ ಶನಿವಾರದ ಪಾಠ ಶುರು ಮಾಡಿದೆವು. ಹನ್ನೊಂದು ಮಕ್ಕಳು. ಸ್ಟೇಟಸ್‌ಗೆ ಫೋಟೋ ಹಾಕಿದೆ, ಎಲ್ಲರೂ ಆಮೆನ್ ಅಂದರು. ಆರು ವಾರವಾದ ಮೇಲೆ ಯೂತ್ ವರ್ಶಿಪ್ ನೈಟ್ ಐಡಿಯಾ ಬಂತು. ಹೊಸ ಕೀಬೋರ್ಡ್, ಹೊಸ ಲೈಟ್, ಹೊಸ ಉತ್ಸಾಹ. ಶನಿವಾರ ನಿಂತಿತು. ಒಬ್ಬ ಹುಡುಗ ಒಂದು ದಿನ ಗೇಟ್ ಹತ್ತಿರ ನಿಂತು ಕೇಳಿದ, "ಅಣ್ಣಾ, ಈ ವಾರ ಕ್ಲಾಸ್ ಇಲ್ವಾ?" ಮುಂದಿನ ವಾರ ಅಂದೆ. ಇನ್ನೂ ಮೂರು ಸಲ ಮುಂದಿನ ವಾರ ಅಂದೆ.

ಹೋದ ತಿಂಗಳು ಆ ಶೆಡ್‌ಗೆ ಹೋದೆ. ಕಟ್ಟಡ ಮುಗಿದಿತ್ತು. ಅವನ ಮನೆಯವರು ಬೇರೆ ಕಡೆ ಕೆಲಸಕ್ಕೆ ಹೋಗಿದ್ದರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಮಿಷನ್ ಕಾದರೂ ಕಾಯಬಹುದು, ಮಕ್ಕಳು ಕಾಯುವುದಿಲ್ಲ. ಇದಕ್ಕೆ ನನ್ನ ಹತ್ತಿರ ಸಬೂಬಿಲ್ಲ. ಪಶ್ಚಾತ್ತಾಪ ಮಾತ್ರ ಇದೆ.

ಲೂಕ 14ರಲ್ಲಿ ಯೇಸು ಸ್ವಾಮಿ ಗೋಪುರ ಕಟ್ಟುವವನ ಮಾತು ಹೇಳುತ್ತಾನೆ. ಅಸ್ತಿವಾರ ಹಾಕಿ ಮುಗಿಸಲಾಗದವನನ್ನು ನೋಡಿ ಜನ ನಗುತ್ತಾರೆ. ಮೊದಲು ಕುಳಿತು ಲೆಕ್ಕ ಹಾಕು ಅನ್ನುತ್ತಾನೆ. ಪ್ರಿಯರೇ, ಕೊಳ್ಳುವುದೇ ಪಾಪ ಅಂತ ನಾನು ಹೇಳುತ್ತಿಲ್ಲ. ಹೊಸದನ್ನು ಶುರು ಮಾಡುವಾಗ ಒಂದು ಬಿಸಿ ಇರುತ್ತೆ, ಆ ಬಿಸಿಯನ್ನೇ ಅಭಿಷೇಕ ಅಂತ ತಪ್ಪು ತಿಳಿಯಬೇಡಿ. ನಂಬಿಗಸ್ತಿಕೆ ಗೊತ್ತಾಗುವುದು ಆ ಬಿಸಿ ಆರಿದ ಮೇಲೆ.

ಅಣ್ಣ ಏನು ಮಾಡಿದ? ಆಸ್ಟರಾಯ್ಡ್ಸ್ ಬೇಡ ಅಂದ. ಗ್ಯಾರೇಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ: ಮೂರನೆಯದು ಮುಗಿಯುವವರೆಗೆ ಹೊಸದಿಲ್ಲ. ತನ್ನಿಂದ ಆಗಲ್ಲ ಅನ್ನಿಸಿದ ಎರಡನ್ನು ರಿಪೇರಿ ಮಾಡಬಲ್ಲವರಿಗೆ ಕೊಟ್ಟ. ಅದೂ ಮುಗಿಸಿದ ಹಾಗೆಯೇ. ಮುಗಿಸು, ಇಲ್ಲವೇ ಪ್ರಾಮಾಣಿಕವಾಗಿ ಬಿಟ್ಟುಕೊಡು. ಮೂಲೆಯಲ್ಲಿ ಕೊಳೆಯಲು ಬಿಡಬೇಡ. ತಾಮ್ರದ ಗೆರೆಗಳ ಜಾಗಕ್ಕೆ ಸಣ್ಣ ತಂತಿ ಬೆಸೆಯಲು ಟಾರ್ಚ್ ಹಿಡಿದವನು ಯಾರು ಗೊತ್ತಾ? ಆ ಒಂಬತ್ತು ವರ್ಷದ ಮಗ. ಸ್ಕ್ರೀನ್ ಬೆಳಗಿದ ವಿಡಿಯೋ ನನಗೆ ಕಳಿಸಿದ. ಚಿತ್ರ ಇನ್ನೂ ಸ್ವಲ್ಪ ಓರೆ. ಮಗ ಕೂಗ್ತಾ ಇದ್ದಾನೆ, "ಅಪ್ಪಾ, ಬಂತು!"

ಈಗ ಸುವಾರ್ತೆ ಕೇಳಿ. ಫಿಲಿಪ್ಪಿ 1:6ರಲ್ಲಿ ಪೌಲನಿಗಿರುವ ಭರವಸೆ ಏನು? ನಮ್ಮಲ್ಲಿ ಒಳ್ಳೆಯ ಕೆಲಸ ಆರಂಭಿಸಿದ ದೇವರು ಅದನ್ನು ಪೂರ್ತಿ ಮಾಡುತ್ತಾನೆ ಎಂಬುದು. ನಿನಗಿಂತ ಚೆನ್ನಾಗಿರುವವನು ಸಿಕ್ಕಿದ ಅಂತ ಆತನು ನಿನ್ನನ್ನು ಬಿಚ್ಚಿಟ್ಟ ಹಾಗೇ ಮೂಲೆಗೆ ತಳ್ಳುವುದಿಲ್ಲ. ಶಿಲುಬೆಯಿಂದ ಇಳಿದು ಬಾ ಅಂತ ಜನ ಕೂಗಿದರು. ಆತನು ಇಳಿಯಲಿಲ್ಲ. ಮುಗಿಸಿದನು. ಆಮೆನ್? ನಾವು ಮುಗಿಸಿ ಆತನ ಪ್ರೀತಿ ಗಳಿಸುವುದಲ್ಲ. ಮುಗಿಸಿದವನ ಪ್ರೀತಿ ಸಿಕ್ಕಿರುವುದರಿಂದ ನಾವೂ ಮುಗಿಸುತ್ತೇವೆ.

ಈ ವಾರ ಒಂದು ಹಾಳೆ ತಗೊಳ್ಳಿ. ಶುರು ಮಾಡಿ ಬಿಟ್ಟದ್ದನ್ನು ಬರೆಯಿರಿ: ಅರ್ಧ ಓದಿದ ಕೋರ್ಸ್, ತೀರಿಸದ ಸಾಲ, ಕೇಳದೆ ಉಳಿದ ಕ್ಷಮೆ. ಒಂದನ್ನು ಆರಿಸಿ. ಅದು ಮುಗಿಯುವವರೆಗೆ ಕಾರ್ಟ್ ಖಾಲಿ ಇರಲಿ. ಇನ್ನೊಬ್ಬರಿಗೆ ಹೇಳಿ, ಅವರು ನಿಮ್ಮನ್ನು ಕೇಳಲಿ.

ನನ್ನದು ಇದು: ಶನಿವಾರ ನಾಲ್ಕು ಗಂಟೆಗೆ ಪಾಠ ಮತ್ತೆ ಶುರುವಾಗಿದೆ. ಮೂರೇ ಮಕ್ಕಳು. ನಾನು ತಪ್ಪಿಸಿದರೆ ನನ್ನನ್ನು ಕೇಳಿ.

ತಲೆ ಬಾಗಿಸೋಣ. ತಂದೆಯೇ, ನಾವು ಅರ್ಧಕ್ಕೆ ಬಿಟ್ಟ ಕೆಲಸಗಳನ್ನು ನೀನು ಬಲ್ಲೆ. ಅದರಿಂದ ನೊಂದವರನ್ನೂ ಬಲ್ಲೆ. ನಮಗೆ ಕ್ಷಮೆ ಕೊಡು. ಆ ಹುಡುಗ ಎಲ್ಲೇ ಇರಲಿ, ಅವನಿಗೆ ಒಬ್ಬ ಒಳ್ಳೆಯ ಮೇಷ್ಟ್ರನ್ನು ಕೊಡು. ಕೈಗೆ ಕೊಟ್ಟದ್ದನ್ನು ಮುಗಿಸುವ ಕೃಪೆ ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.