ಸಾಕಿದ ಜೀವದ ಶೋಕ: ಮೋಹವೋ, ದಯೆಯೋ?

ಮರಣಶೋಕವು ಮಾನವನಿಗೆ ಸಹಜವಾದುದು. ತಂದೆತಾಯಿಗಳು, ಸತಿಸುತರು, ಬಂಧುಮಿತ್ರರು ಅಗಲಿದಾಗ ಅಳುವವನನ್ನು ಲೋಕವು ಆಕ್ಷೇಪಿಸುವುದಿಲ್ಲ. ನೆರೆಹೊರೆಯವರು ಬಂದು ಕುಳಿತು ಸಂತೈಸುವರು. ಮನೆಯ ಎತ್ತು ಸತ್ತರೂ ಒಕ್ಕಲಿಗನ ದುಃಖವನ್ನು ಊರು ಅರಿಯಬಲ್ಲುದು. ಆದರೆ ಇಂದು ಪಟ್ಟಣಗಳ ಎಷ್ಟೋ ಮನೆಗಳಲ್ಲಿ ದೂರದೇಶದ ಗಿಳಿ, ಆಮೆ, ಇಗುವಾನ ಮೊದಲಾದ ಜೀವಗಳು ಬಂದು ಸೇರಿವೆ. ಅವುಗಳಲ್ಲೊಂದು ಸತ್ತು, ಮನೆಯವರು ಅನ್ನನೀರು ಬಿಟ್ಟು ಕುಳಿತರೆ, “ಒಂದು ಹಕ್ಕಿಗಾಗಿ ಇಷ್ಟು ಅಳುವುದೇ?” ಎಂಬ ಮಾತು ಕೇಳಿಬರುವುದು. ಈ ಶೋಕವು ಯುಕ್ತವೋ ಅಯುಕ್ತವೋ ಎಂಬುದು ಸದ್ಗೃಹಸ್ಥರು ವಿಚಾರಿಸತಕ್ಕ ವಿಷಯವಾಗಿದೆ.

ಇದು ಕೇವಲ ಮೋಹವೆನ್ನುವವರು ಭಾಗವತದ ಭರತರಾಜನ ಕಥೆಯನ್ನು ಮುಂದಿಡುವರು. ರಾಜ್ಯವನ್ನು ತೊರೆದು ತಪಸ್ಸಿಗೆ ಹೋದ ಆತನು, ತಾಯಿಯನ್ನಗಲಿ ಹೊಳೆಯ ಪಾಲಾಗುತ್ತಿದ್ದ ಜಿಂಕೆಯ ಮರಿಯೊಂದನ್ನು ಎತ್ತಿ ಸಾಕಿದನು. ಅದರ ಚಿಂತೆಯಲ್ಲಿಯೇ ಪ್ರಾಣಬಿಟ್ಟು ತಾನೂ ಜಿಂಕೆಯಾಗಿ ಹುಟ್ಟಿದನು. ಆದರೆ ಕಥೆಯನ್ನು ಸೂಕ್ಷ್ಮವಾಗಿ ನೋಡಿದರೆ, ಮರಿಯನ್ನು ನೀರಿನಿಂದ ಎತ್ತಿದ ಕೈಯಲ್ಲಿ ದೋಷವಿಲ್ಲ. ದಯೆಯಿಂದ ಮೊದಲಾದುದು ‘ಇದು ನನ್ನದು’ ಎಂಬ ಅಭಿಮಾನದಲ್ಲಿ ಮುಗಿಯಿತು, ದೋಷವಿರುವುದು ಅಲ್ಲಿ. ಆದುದರಿಂದ ಪ್ರಾಣಿಗಾಗಿ ಅತ್ತನೆಂಬ ಮಾತ್ರಕ್ಕೆ ಒಬ್ಬನನ್ನು ಮೋಹಿಯೆನ್ನಲಾಗದು. ಅತ್ತುದು ಆ ಜೀವಕ್ಕಾಗಿಯೋ, ಕಳೆದುಹೋದ ತನ್ನ ಸ್ವತ್ತಿಗಾಗಿಯೋ ಎಂಬುದೇ ಪ್ರಶ್ನೆ. ಹನ್ನೆರಡನೆಯ ಶತಮಾನದ ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡರು. ಆ ದಯೆಗೆ ಮನುಷ್ಯಜಾತಿಯ ಎಲ್ಲೆಯನ್ನು ಹಾಕಲಿಲ್ಲ. ದಯೆಗೆ ಪಾತ್ರವಾದ ಜೀವವು ಶೋಕಕ್ಕೆ ಮಾತ್ರ ಅಪಾತ್ರವೆಂದು ಹೇಳುವುದೆಂತು?

ಇದಕ್ಕೆ ನಮ್ಮ ಕಾಲದ ಒಂದು ನಿದರ್ಶನವುಂಟು. ಅಮೆರಿಕೆಯ ವಿದುಷಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಷಿಕಾಗೋ ಪರಿಸರದ ಒಂದು ಅಂಗಡಿಯಿಂದ ಆಫ್ರಿಕದ ಬೂದುಬಣ್ಣದ ಗಿಳಿಯೊಂದನ್ನು ಕೊಂಡು ತಂದು ಅಲೆಕ್ಸ್ ಎಂದು ಹೆಸರಿಟ್ಟರು. ಪಕ್ಷಿಯ ಬುದ್ಧಿಯನ್ನು ಪರೀಕ್ಷಿಸುವುದು ಅವರ ಉದ್ದೇಶವಾಗಿತ್ತು. ಆ ಗಿಳಿಯು ನೂರಕ್ಕೂ ಮಿಕ್ಕ ಪದಗಳನ್ನು ಕಲಿತು, ಬಣ್ಣ ಆಕಾರಗಳನ್ನು ಗುರುತಿಸಿ ಹೇಳುತ್ತಿದ್ದಿತು, ಆರರವರೆಗೆ ಎಣಿಸುತ್ತಿದ್ದಿತು. 2007ರ ಸೆಪ್ಟೆಂಬರ್ 6ರಂದು, ತನ್ನ 31ನೆಯ ವಯಸ್ಸಿನಲ್ಲಿ, ಅದು ಅಕಸ್ಮಾತ್ತಾಗಿ ಸತ್ತಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದರ ಮರಣವಾರ್ತೆಯನ್ನು ಪ್ರಕಟಿಸಿತು; ಸಾಂತ್ವನದ ಪತ್ರಗಳು ಸಾವಿರಾರು ಬಂದವು. ಮೂವತ್ತು ವರ್ಷ ಶಾಸ್ತ್ರದ ನಿಷ್ಪಕ್ಷಪಾತಕ್ಕಾಗಿ ತಡೆದಿಟ್ಟ ವಾತ್ಸಲ್ಯವು ಆ ದಿನ ಕಟ್ಟೆಯೊಡೆದ ಬಗೆಯನ್ನು ಪೆಪ್ಪರ್‌ಬರ್ಗ್ 2008ರ ತಮ್ಮ ಗ್ರಂಥದಲ್ಲಿ ಬಣ್ಣಿಸಿದ್ದಾರೆ. ಬುದ್ಧಿಯಿಂದ ದೂರವಿಟ್ಟರೂ ಹೃದಯವು ಜೀವವನ್ನು ಜೀವವೆಂದೇ ಅರಿತಿತ್ತು. ಇಂತಹ ಶೋಕವನ್ನು ನಗುವವನು ತನ್ನ ಹೃದಯದ ಬಡತನವನ್ನು ಮಾತ್ರ ತೋರಿಸುವನು.

ಇಷ್ಟಾದರೂ ವಿಚಾರವು ಇಲ್ಲಿಗೆ ಮುಗಿಯದು. ಭರತನು ಎತ್ತಿದುದು ಸಾಯಲಿದ್ದ ಮರಿಯನ್ನು. ವಿದೇಶದ ಪಕ್ಷಿಯನ್ನು ಕೊಳ್ಳುವವನು ಎತ್ತುವುದು ಯಾವುದನ್ನು? ಬೂದುಗಿಳಿಯ ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಕಾಡು. ಅಲ್ಲಿ ಅದು ಹಿಂಡಿನಲ್ಲಿ ಬಾಳುವ ಪಕ್ಷಿ. ಅದರ ಮಾತಿಗೆ ಮರುಳಾದ ಲೋಕವು ಲಕ್ಷಾಂತರ ಗಿಳಿಗಳನ್ನು ಹಿಡಿಸಿ ಸಾಗಿಸಿತು. ಎಷ್ಟೋ ಹಕ್ಕಿಗಳು ದಾರಿಯಲ್ಲಿಯೇ ಸತ್ತವು. ಕಾಡಿನ ನಾಶವೂ ಇದಕ್ಕೆ ಕೂಡಿತು. ಘಾನಾ ದೇಶದಲ್ಲಿ 1992ರಿಂದ ಈಚೆಗೆ ನೂರರಲ್ಲಿ ತೊಂಬತ್ತಕ್ಕೂ ಮಿಕ್ಕು ಗಿಳಿಗಳು ಇಲ್ಲವಾದುವೆಂದು 2016ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಅದೇ ವರ್ಷ ಜೋಹಾನ್ಸ್‌ಬರ್ಗ್‌ನಲ್ಲಿ ಸೈಟಿಸ್ ಒಪ್ಪಂದದ ರಾಷ್ಟ್ರಗಳು ಸೇರಿ, ಕಾಡಿನಿಂದ ಹಿಡಿದ ಬೂದುಗಿಳಿಯ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ನಿರ್ಣಯಿಸಿದವು. ಪಂಜರದಲ್ಲಿ ಹುಟ್ಟಿದ ಮರಿಗಳೂ ಈಗ ಮಾರಾಟಕ್ಕುಂಟು, ನಿಜ. ಆದರೆ ಪಂಜರದಲ್ಲಿ ಹುಟ್ಟಿದುದಕ್ಕೂ ಹಿಂಡಿನ ಹಂಬಲವು ಹೋಗುವುದಿಲ್ಲ. ಒಂಟಿತನಕ್ಕೆ ಸಿಕ್ಕಿದ ಗಿಳಿಯು ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದುಂಟು. ಶೋಕವು ಮನುಷ್ಯನೊಬ್ಬನ ಸ್ವತ್ತೇನೂ ಅಲ್ಲ.

ಹೀಗಿರಲು, ಸಾಕಿದ ಹಕ್ಕಿಯು ಸತ್ತ ಮನೆಯಲ್ಲಿ ಶೋಕದ ನಿಜವಾದ ಪರೀಕ್ಷೆಯು ಬರಿದಾದ ಪಂಜರದ ಮುಂದೆ ನಡೆಯುವುದು. ಮಕ್ಕಳು ಅಳುತ್ತಿರುವರು; ಅದೇ ಬಣ್ಣದ ಇನ್ನೊಂದು ಹಕ್ಕಿಯನ್ನು ತಂದು ಅದೇ ಹೆಸರಿಟ್ಟರೆ ಸಮಾಧಾನವಾದೀತೆಂದು ಹಿರಿಯರು ಬಗೆಯುವರು. ಮಡಕೆಯೊಡೆದರೆ ಮಡಕೆ ತರಬಹುದು. ಜೀವದ ಎಡೆಯನ್ನು ಜೀವದಿಂದ ತುಂಬಿಸಹೊರಟರೆ ಹೋದುದೂ ವಸ್ತುವಾಯಿತು, ಬಂದುದೂ ವಸ್ತುವಾಯಿತು. ಅಳುತ್ತಿದ್ದ ಮಗುವು ದಯೆಯನ್ನು ಕಲಿಯುವ ಬದಲು ಕೊಳ್ಳುವುದನ್ನು ಕಲಿಯಿತು. ಆ ಎಡೆಯು ಕೆಲಕಾಲ ಬರಿದಾಗಿರುವುದೇ ಲೇಸು.

ಹಾಗಾದರೆ ಶೋಕಿಸುವವನು ಮಾಡತಕ್ಕದ್ದೇನು? ನಾಚದೆ ಅಳಲಿ. ಆ ದೇಹವನ್ನು ಕಸಕ್ಕೆಸೆಯದೆ ಮಣ್ಣಿಗೊಪ್ಪಿಸಲಿ. ಆಹಾರದಲ್ಲಿ, ಆರೈಕೆಯಲ್ಲಿ ಕೊರತೆಯಾಗಿದ್ದರೆ ಪಶ್ಚಾತ್ತಾಪಪಡಲಿ. ಆದರೆ ತನ್ನನ್ನು ಹಳಿದುಕೊಳ್ಳುವುದರಲ್ಲಿಯೇ ಕಾಲ ಕಳೆಯದಿರಲಿ. ಜೊತೆಯ ಹಕ್ಕಿಯೊಂದು ಉಳಿದಿದ್ದರೆ ಅದರ ಒಂಟಿತನವನ್ನು ಮೊದಲು ನೋಡಲಿ. ಬೂದುಗಿಳಿಯು ಸಾಕಿದಲ್ಲಿ 40ರಿಂದ 60 ವರ್ಷ ಬದುಕಬಲ್ಲುದು. ಆದುದರಿಂದ ಸಾಕುವವನ ಮರಣಾನಂತರ ಅದನ್ನು ನೋಡುವವರು ಯಾರೆಂಬುದನ್ನೂ ಇಂದೇ ನಿಶ್ಚಯಿಸಬೇಕು. 2022ರಲ್ಲಿ ತಿದ್ದುಪಡಿಯಾದ ನಮ್ಮ ವನ್ಯಜೀವಿ ಸಂರಕ್ಷಣಾ ಕಾನೂನು ಸೈಟಿಸ್ ಪಟ್ಟಿಯ ಇಂತಹ ಜೀವಗಳನ್ನು ಸಾಕಿರುವವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕೆಂದು ವಿಧಿಸುತ್ತದೆ. ಅದನ್ನು ಪಾಲಿಸುವುದೂ ದಯೆಯ ಅಂಗವೇ ಸರಿ.

ಮೋಹದ ಕಣ್ಣೀರು ‘ನನ್ನದು ಹೋಯಿತು’ ಎಂದು ಹರಿದು ಅಲ್ಲಿಯೇ ಇಂಗುವುದು. ದಯೆಯ ಕಣ್ಣೀರು ಒಂದು ಜೀವಕ್ಕಾಗಿ ಮೊದಲಾಗಿ ಆ ಕುಲಕ್ಕೆಲ್ಲ ಹರಡುವುದು. ತನ್ನ ಅಂಗಳದ ಗಿಳಿಗಾಗಿ ಅತ್ತವನು ಕಾಡಿನ ಗಿಳಿಯನ್ನು ಕಾಡಿನಲ್ಲಿಯೇ ಇರಗೊಡುವಂತಾದರೆ, ಮನೆಯವರು ಬಿಟ್ಟ ಮೂಕಜೀವವೊಂದಕ್ಕೆ ಕಾಳುನೀರು ಕೊಡುವಂತಾದರೆ, ಆ ಶೋಕವು ಮೋಹದ ಮಾತಿರಲಿ, ದಾಸೋಹವೇ ಆದೀತು. ಕೊಂಡು ತಂದ ಜೀವವೂ ಕೊಂಡವನದಲ್ಲ. ಅದು ಶಿವನ ಒಡವೆ. ಈ ಅರಿವು ಶೋಕದಿಂದ ಮೂಡಿದರೆ ಆ ಶೋಕವು ವ್ಯರ್ಥವಾಗಲಿಲ್ಲ.